ಭೀಮಾ ದಂಡೆಗೆ ಬಾರದ ಚೆಂಡು

ಗಾಣಗಾಪುರದ ಸಂಗಮದ ದಾರಿಯಲ್ಲಿ ಅರ್ಜೆಂಟೀನಾದ 10ನೇ ನಂಬರಿನ ಅಂಗಿ ತೊಟ್ಟ ಹುಡುಗರು ಕಾಣಸಿಗುತ್ತಾರೆ. ಮೆಸ್ಸಿ ಯಾರು, ರೊನಾಲ್ಡೊ ಯಾರು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಏಷ್ಯಾದ ಎಎಫ್‌ಸಿ ಕಪ್ ಟೂರ್ನಿಯ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಕರ್ನಾಟಕದ್ದು, ಆ ಕ್ಲಬ್ಬಿನ ಹಿಂದಿರುವ ದುಡ್ಡು ನಮ್ಮದೇ ಕಲ್ಯಾಣ ಕರ್ನಾಟಕದ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ನಡೆಸುವ ಕಂಪನಿಯದು ಎಂದರೆ ಹುಬ್ಬೇರಿಸುತ್ತಾರೆ. ತಪ್ಪು ಆ ಹುಡುಗರದ್ದಲ್ಲ. ಬೆಂಗಳೂರು ಎಫ್‌ಸಿ ಕಥೆಯನ್ನು ಅವರಿಗೆ ಯಾರೂ ಹೇಳಿಲ್ಲ. ಕ್ಲಬ್ ಹುಟ್ಟಿದ್ದು 2013ರಲ್ಲಿ. ಅದು ಕಾಲೂರಿದ ನೆಲದ ಚರಿತ್ರೆ ಮಾತ್ರ ಅದಕ್ಕಿಂತ ಬಹಳ ಹಳೆಯದು. ಆ ಹಳೆಯದನ್ನು ಬಿಟ್ಟು ಹೊಸದನ್ನಷ್ಟೇ ಹೇಳಿದರೆ, ನಮ್ಮ ಕಡೆ ಅಂಥದ್ದು ಯಾಕೆ ಹುಟ್ಟಲಿಲ್ಲ ಎಂಬುದು ತಿಳಿಯುವುದಿಲ್ಲ.

ಮೊದಲು ಕ್ಲಬ್ ಅಂದರೆ ಏನೆಂದು ನೋಡೋಣ. ನಮ್ಮಲ್ಲಿ ಆಟವೆಂದರೆ ಪಂದ್ಯಾವಳಿ. ಜಾತ್ರೆಗೆ ಕುಸ್ತಿ, ಗಣೇಶನ ಹಬ್ಬಕ್ಕೆ ಕಬಡ್ಡಿ, ಬೇಸಿಗೆ ರಜೆಗೆ ಟೆನಿಸ್ ಬಾಲ್ ಕ್ರಿಕೆಟ್. ಪೆಂಡಾಲು ಹಾಕುತ್ತಾರೆ, ಮೈಕು ಕಟ್ಟುತ್ತಾರೆ, ಪ್ರಥಮ ಬಹುಮಾನ ಕೊಡುವ ದಾನಿಗಳ ಹೆಸರು ಕರಪತ್ರದ ಮೇಲೆ ಅಚ್ಚಾಗುತ್ತದೆ. ತಂಡ ಆ ಮೂರು ದಿನಕ್ಕಾಗಿ ಕೂಡುತ್ತದೆ, ಮೂರು ದಿನ ಮುಗಿದ ಮೇಲೆ ಚದುರುತ್ತದೆ. ವೃತ್ತಿಪರ ಫುಟ್‌ಬಾಲ್ ಕ್ಲಬ್ ಹಾಗಲ್ಲ. ವರ್ಷದ ಬಹುಪಾಲು ತಿಂಗಳು ಅದಕ್ಕೆ ಆಟವಿರುತ್ತದೆ. ಲೀಗಿನಲ್ಲಿ ಪ್ರತಿ ಎದುರಾಳಿಯ ಜೊತೆ ಒಮ್ಮೆ ತನ್ನೂರಲ್ಲಿ, ಒಮ್ಮೆ ಅವರೂರಲ್ಲಿ ಆಡಬೇಕು. ಗೆದ್ದರೆ 3 ಅಂಕ, ಸಮ ಆದರೆ 1. ಒಂದು ದಿನದ ಅದೃಷ್ಟದಿಂದ ಇಲ್ಲಿ ಯಾರೂ ಚಾಂಪಿಯನ್ ಆಗಲಾರರು. ಆಟಗಾರನಿಗೆ ಸಂಬಳವಿದೆ, ಕರಾರಿದೆ. ಒಂದು ಕ್ಲಬ್ಬಿನ ಆಟಗಾರನನ್ನು ಇನ್ನೊಂದು ಕ್ಲಬ್ ದುಡ್ಡು ಕೊಟ್ಟು ಒಯ್ಯುತ್ತದೆ. ಇದೆಲ್ಲದರ ಕೆಳಗೆ 13, 15, 18 ವರ್ಷದ ಹುಡುಗರ ತಂಡಗಳು ಇರಬೇಕು. ನನ್ನ ಮಟ್ಟಿಗೆ ಕ್ಲಬ್ಬಿನ ಜೀವ ಇರುವುದು ಈ ಕೆಳಗಿನ ತಂಡಗಳಲ್ಲಿ. ಮೇಲಿನದು ನಾವು ಟಿವಿಯಲ್ಲಿ ನೋಡುವ ಭಾಗವಷ್ಟೇ.

ಈ ವ್ಯವಸ್ಥೆ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ನೆದರ್ಲೆಂಡ್ಸ್ ಸಾಕ್ಷಿ. ವಿಸ್ತೀರ್ಣದಲ್ಲಿ ಆ ದೇಶ ಕರ್ನಾಟಕದ ಕಾಲು ಭಾಗಕ್ಕಿಂತ ಚಿಕ್ಕದು. ಅಲ್ಲಿ 1954ರವರೆಗೂ ಫುಟ್‌ಬಾಲ್ ಆಡಿ ಸಂಬಳ ಪಡೆಯುವಂತಿರಲಿಲ್ಲ. ಆಟ ಆಟವಾಗಿಯೇ ಇರಬೇಕು, ದುಡ್ಡು ಸೋಕಬಾರದು ಎಂದು ಅಲ್ಲಿನ ಫುಟ್‌ಬಾಲ್ ಸಂಸ್ಥೆ ಹಠ ಹಿಡಿದಿತ್ತು. ಹೊಟ್ಟೆಪಾಡಿಗೆ ಹೊರದೇಶದ ಕ್ಲಬ್ ಸೇರಿದವರಿಗೆ ರಾಷ್ಟ್ರೀಯ ತಂಡದ ಬಾಗಿಲು ಮುಚ್ಚಿತ್ತು. ಆ ಹಠ ಸಡಿಲವಾದದ್ದು ಒಂದು ಪ್ರವಾಹದಿಂದ. 1953ರ ಜನವರಿ ಕೊನೆಯ ರಾತ್ರಿ ಬಿರುಗಾಳಿಗೆ ಸಮುದ್ರ ಒಡ್ಡುಗಳನ್ನು ಒಡೆದು ಒಳನುಗ್ಗಿತು. ಆ ದೇಶದಲ್ಲಿ 1,836 ಜನ ಸತ್ತರು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ ತಾಲೂಕಿನ ಊರುಗಳೊಳಗೆ ಬಂದದ್ದನ್ನು ಕಂಡವರಿಗೆ ನೀರಿನ ಆ ಭಯವನ್ನು ವಿವರಿಸಬೇಕಿಲ್ಲ. ತಮ್ಮ ದೇಶಕ್ಕೆ ಆಪತ್ತು ಬಂದದ್ದು ತಿಳಿದು, ಹೊರದೇಶಗಳಲ್ಲಿ ಆಡುತ್ತಿದ್ದ ನೆದರ್ಲೆಂಡ್ಸಿನ, ಅಂದರೆ ಡಚ್ ಆಟಗಾರರು ಒಂದುಗೂಡಿದರು. ಮಾರ್ಚ್ 12ರಂದು ಪ್ಯಾರಿಸಿನಲ್ಲಿ ಫ್ರಾನ್ಸ್ ತಂಡದೊಡನೆ ಸಂತ್ರಸ್ತರ ಸಹಾಯಾರ್ಥ ಪಂದ್ಯ ಆಡಿದರು, 2-1ರಿಂದ ಗೆದ್ದರು. ಸಂಬಳಕ್ಕೆ ಆಡುತ್ತಾರೆಂದು ದೂರ ಇಟ್ಟವರೇ ದೇಶದ ಮಾನ ಕಾಪಾಡಿದ್ದರು. ಮರುವರ್ಷವೇ ನೆದರ್ಲೆಂಡ್ಸಿನಲ್ಲಿ ವೃತ್ತಿಪರ ಫುಟ್‌ಬಾಲಿಗೆ ಒಪ್ಪಿಗೆ ಸಿಕ್ಕಿತು. 1956ರಲ್ಲಿ ಇಡೀ ದೇಶಕ್ಕೆ ಒಂದೇ ಅಗ್ರ ಲೀಗ್ ಶುರುವಾಯಿತು.

ಅದಾಗಿ 15 ವರ್ಷ ಕಳೆಯುವುದರೊಳಗೆ ಆಮ್‌ಸ್ಟರ್‌ಡ್ಯಾಮ್ ನಗರದ ಅಯಾಕ್ಸ್ ಕ್ಲಬ್ ಯುರೋಪಿಗೇ ಚಾಂಪಿಯನ್ ಆಯಿತು, 1971, 1972, 1973ರಲ್ಲಿ ಸಾಲಾಗಿ ಮೂರು ಸಲ. 1900ರಲ್ಲಿ ಹುಟ್ಟಿದ ಕ್ಲಬ್ ಅದು. ಆ ಮೂರೂ ಗೆಲುವಿನ ನಾಯಕಮಣಿ ಯೋಹಾನ್ ಕ್ರೈಫ್ ಎಲ್ಲಿಂದಲೋ ಕೊಂಡು ತಂದ ಆಟಗಾರನಾಗಿರಲಿಲ್ಲ. ಅಯಾಕ್ಸ್ ಮೈದಾನದ ಹತ್ತಿರದ ಕಾರ್ಮಿಕರ ಬಡಾವಣೆಯ ಹುಡುಗ ಆತ. ತಂದೆ ಹಣ್ಣು ತರಕಾರಿ ಮಾರುತ್ತಿದ್ದರು. ತಂದೆ ತೀರಿಕೊಂಡ ಮೇಲೆ ತಾಯಿ ಅದೇ ಕ್ಲಬ್ಬಿನಲ್ಲಿ ಕಸ ಮುಸುರೆ ಕೆಲಸಕ್ಕೆ ನಿಂತರು. ಹುಡುಗ 10ನೇ ವಯಸ್ಸಿಗೆ ಕ್ಲಬ್ಬಿನ ಮಕ್ಕಳ ತಂಡ ಸೇರಿದ, 17ಕ್ಕೆ ದೊಡ್ಡ ತಂಡದಲ್ಲಿ ಆಡಿದ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಮೈದಾನ, ಆ ಮೈದಾನದಲ್ಲಿ ಮಕ್ಕಳ ತಂಡ, ಅಲ್ಲಿಂದ ಒಂದೊಂದೇ ಮೆಟ್ಟಿಲು ಮೇಲೆ. ಡಚ್ ಫುಟ್‌ಬಾಲಿನ ಗುಟ್ಟು ಏನೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಬೆಂಗಳೂರಿನ ಕ್ಯಾಂಟೋನ್ಮೆಂಟಿನಲ್ಲಿ ಇಂಥದ್ದೇ ನೆಲ ಒಂದು ಕಾಲಕ್ಕೆ ತಯಾರಾಗಿತ್ತು. ಬ್ರಿಟಿಷ್ ಸೈನಿಕರು ತಂದ ಆಟವನ್ನು ಹಲಸೂರು, ಆಸ್ಟಿನ್ ಟೌನ್, ಶಿವಾಜಿನಗರದ ಕಡೆಯ ಬಡವರ ಮಕ್ಕಳು ಬರಿಗಾಲಲ್ಲಿ ಕಲಿತರು. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದದ್ದು. ದಶಕಗಳ ಕಾಲ ಅದನ್ನು ಗೆದ್ದವೆಲ್ಲ ಬ್ರಿಟಿಷ್ ರೆಜಿಮೆಂಟುಗಳು. ಆ ಏಕಸ್ವಾಮ್ಯವನ್ನು ಮೊದಲು ಮುರಿದ ಭಾರತೀಯ ತಂಡ ಕೋಲ್ಕತ್ತದ್ದಲ್ಲ, ಬೆಂಗಳೂರು ಮುಸ್ಲಿಮ್ಸ್. ವರ್ಷ 1937. ಮರುವರ್ಷ ಮತ್ತೆ ಅವರೇ ಗೆದ್ದರು. ಮೋಹನ್ ಬಾಗಾನ್ 1911ರಲ್ಲಿ ಐಎಫ್‌ಎ ಶೀಲ್ಡ್ ಗೆದ್ದದ್ದನ್ನು ಬಂಗಾಳ ಇಂದಿಗೂ ಹಬ್ಬದಂತೆ ನೆನೆಯುತ್ತದೆ. ಬೆಂಗಳೂರು ಮುಸ್ಲಿಮ್ಸ್ ಹೆಸರನ್ನು ಕನ್ನಡದ ಮಕ್ಕಳು ಯಾವ ಪಠ್ಯದಲ್ಲೂ ಓದುವುದಿಲ್ಲ. ನನಗೆ ಇದು ಬಹಳ ನೋವಿನ ಸಂಗತಿ.

ಸ್ವತಂತ್ರ ಭಾರತ ಮೊದಲ ಸಲ ಒಲಿಂಪಿಕ್ಸ್ ಫುಟ್‌ಬಾಲ್ ಆಡಿದ್ದು 1948ರ ಲಂಡನ್ನಿನಲ್ಲಿ. ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಫ್ರಾನ್ಸ್ ಎದುರು 1-2ರಿಂದ ಸೋತರು, ಸಿಕ್ಕ ಎರಡು ಪೆನಾಲ್ಟಿ ಕೈತಪ್ಪಿದವು. ಆ ಒಂದು ಗೋಲು, ಅಂದರೆ ಸ್ವತಂತ್ರ ಭಾರತದ ಮೊಟ್ಟಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಚೆಂಡು ಅವರ ಕಾಲಿಗೆ ಸಿಕ್ಕರೆ ಎದುರಾಳಿ ಸುಮ್ಮನೆ ನೋಡುತ್ತ ನಿಲ್ಲಬೇಕಿತ್ತಂತೆ. ಅದಕ್ಕೇ ಅವರಿಗೆ ಹಾವಾಡಿಗ ಎಂಬ ಅಡ್ಡಹೆಸರು ಬಿದ್ದಿತ್ತು. 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು.

ಅಹ್ಮದ್ ಖಾನ್ ಆಮೇಲೆ ಎಲ್ಲಿ ಹೋದರು? ಕೋಲ್ಕತ್ತಕ್ಕೆ. 1949ರಿಂದ ಹತ್ತು ವರ್ಷ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಆಡಿದರು. ಆ ಕ್ಲಬ್ಬಿನ ಐವರು ಮುಂಚೂಣಿ ಆಟಗಾರರನ್ನು ಬಂಗಾಳಿಗಳು ಪಂಚ ಪಾಂಡವರೆಂದು ಕರೆದರು. ಅದರಲ್ಲಿ ಅಹ್ಮದ್ ಖಾನ್, ಧನರಾಜ್ ಇಬ್ಬರು ಬೆಂಗಳೂರಿನಿಂದ ಹೋದವರು. 1956 ಮತ್ತು 1960ರ ಎರಡು ಒಲಿಂಪಿಕ್ಸ್ ಕಂಡ ಕೆಂಪಯ್ಯ, 1962ರ ಏಷ್ಯನ್ ಗೇಮ್ಸ್ ಚಿನ್ನದ ತಂಡದ ಅರುಮೈನಾಯಗಂ, ಇಬ್ಬರೂ ಮೋಹನ್ ಬಾಗಾನಿನಲ್ಲಿ ಹೆಸರು ಮಾಡಿದವರು. ಕಾರ್ಲ್‌ಟನ್ ಚಾಪ್ಮನ್ ನಮ್ಮ ಕಾಲದವರು. ಈಸ್ಟ್ ಬೆಂಗಾಲ್ 1993ರಲ್ಲಿ ಇರಾಕಿನ ಅಲ್ ಜವ್ರಾ ಕ್ಲಬ್ಬನ್ನು 6-2ರಿಂದ ಬಡಿದಾಗ ಹ್ಯಾಟ್ರಿಕ್ ಹೊಡೆದವರು ಅವರು. ಮುಂದೆ ಪಂಜಾಬಿನ ಜೆಸಿಟಿ ಸೇರಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು, ಭಾರತದ ನಾಯಕರೂ ಆದರು. 2020ರ ಅಕ್ಟೋಬರಿನಲ್ಲಿ 49ನೇ ವಯಸ್ಸಿಗೆ ಬೆಂಗಳೂರಿನಲ್ಲಿ ತೀರಿಕೊಂಡರು.

ಇವರೆಲ್ಲ ಊರು ಬಿಟ್ಟದ್ದು ಊರಿನ ಮೇಲಿನ ಸಿಟ್ಟಿನಿಂದಲ್ಲ. ಬೆಂಗಳೂರಿನಲ್ಲಿ ಆಟವಿತ್ತು, ಆಟಕ್ಕೆ ಅನ್ನವಿರಲಿಲ್ಲ. ಇದ್ದ ಅನ್ನವೆಂದರೆ ಐಟಿಐ, ಎಚ್ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳ ನೌಕರಿ. ಚೆಂಡಾಟ ಬಂದರೆ ಕೆಲಸ ಸಿಗುತ್ತಿತ್ತು, ಹಗಲು ಡ್ಯೂಟಿ, ಸಂಜೆ ಮೈದಾನ. ಈ ಕಾರ್ಖಾನೆ ತಂಡಗಳು ಎಷ್ಟೋ ಮನೆಗಳಿಗೆ ದೀಪ ಹಚ್ಚಿದವು, ಅದನ್ನು ಮರೆಯಬಾರದು. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯಲ್ಲಿ ಮೈಸೂರು ರಾಜ್ಯ, ಅಂದರೆ ಇಂದಿನ ಕರ್ನಾಟಕ, 1946, 1952ರಲ್ಲಿ ಗೆದ್ದಿತು. ಮತ್ತೆ 1967-68, 1968-69ರಲ್ಲಿ ಸತತ ಎರಡು ಸಲ ಗೆದ್ದಿತು. ಆದರೆ ಸರ್ಕಾರಿ ಕಾರ್ಖಾನೆಗಳಲ್ಲಿ ಕ್ರೀಡಾ ನೇಮಕಾತಿ ಬತ್ತುತ್ತ ಬಂದಂತೆ ಆ ತಂಡಗಳೂ ಬತ್ತಿದವು. ಐ-ಲೀಗ್ ಎಂಬ ಅಂದಿನ ಅಗ್ರ ಲೀಗಿನಲ್ಲಿ ಕೊನೆಯದಾಗಿ ಉಸಿರು ಹಿಡಿದದ್ದು ಎಚ್ಎಎಲ್. 2012ರ ಹೊತ್ತಿಗೆ ಅದೂ ಕೆಳಗಿಳಿಯಿತು.

ಆ ಖಾಲಿ ಜಾಗಕ್ಕೆ 2013ರ ಜುಲೈನಲ್ಲಿ ಬಂದದ್ದು ಬೆಂಗಳೂರು ಎಫ್‌ಸಿ. ಹೊಸ ಕಂಪನಿಗಳಿಗೆ ನೇರ ಪ್ರವೇಶ ಕೊಡಲು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮುಂದಾದಾಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಜೆಎಸ್‌ಡಬ್ಲ್ಯು ಸಮೂಹ ಮುಂದೆ ಬಂತು. ತರಬೇತಿಗೆ ಇಂಗ್ಲೆಂಡಿನ ಆಶ್ಲೀ ವೆಸ್ಟ್‌ವುಡ್ ಬಂದರು, ನಾಯಕನಾಗಿ ಸುನಿಲ್ ಛೆಟ್ರಿ ಬಂದರು. ಬೆಂಗಳೂರಿನ ಆಟಗಾರರನ್ನು ಸೆಳೆಯುತ್ತಿದ್ದ ಮೋಹನ್ ಬಾಗಾನ್ ಎದುರೇ, ಸೆಪ್ಟೆಂಬರ್ 22ರಂದು, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಮೊದಲ ಲೀಗ್ ಪಂದ್ಯ. 1-1 ಸಮ. 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ, ಹುಟ್ಟಿದ ವರ್ಷವೇ ದೇಶದ ಲೀಗ್ ಗೆದ್ದುಬಿಟ್ಟರು. ಭಾರತದಲ್ಲಿ ಅಂಥದ್ದು ಹಿಂದೆ ನಡೆದಿರಲಿಲ್ಲ. ದುಡ್ಡಿನಿಂದ ಗೆದ್ದರು ಎಂದು ಕೆಲವರು ಅಂದರು. ದುಡ್ಡು ಇನ್ನೂ ಹಲವರ ಹತ್ತಿರ ಇತ್ತು. ಇವರು ಊಟ, ನಿದ್ದೆ, ಮೈಕಟ್ಟು, ಗಾಯದ ಆರೈಕೆಗೆಲ್ಲ ಒಂದು ಶಿಸ್ತು ತಂದರು. ಸಂಬಳ ತಡವಾಗುವುದೇ ವಾಡಿಕೆಯಾಗಿದ್ದ ದೇಶದಲ್ಲಿ ಅದು ದೊಡ್ಡ ಸುಧಾರಣೆ.

ಎರಡನೇ ವರ್ಷದ ಕೊನೆಯ ದಿನ ನೆನೆದರೆ ಅಭಿಮಾನಿಗಳ ಹೊಟ್ಟೆ ಇಂದಿಗೂ ಉರಿಯುತ್ತದೆ. 2015ರ ಮೇ 31, ಕಂಠೀರವ ಕ್ರೀಡಾಂಗಣ, ಎದುರಿಗೆ ಮತ್ತೆ ಮೋಹನ್ ಬಾಗಾನ್. ಬೆಂಗಳೂರು ಗೆದ್ದರೆ ಪ್ರಶಸ್ತಿ, ಸಮ ಆದರೂ ಬಾಗಾನಿಗೆ. ಮೊದಲಾರ್ಧದಲ್ಲಿ ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದೆ. ಇನ್ನೇನು ಮುಗಿಯಿತು ಅನ್ನುವಾಗ, 87ನೇ ನಿಮಿಷ, ಕಾರ್ನರ್ ಕಿಕ್, ನೈಜೀರಿಯಾದ ಬೆಲ್ಲೊ ರಜಾಕ್ ತಲೆ ಕೊಟ್ಟ, 1-1. ಕಪ್ ಕೋಲ್ಕತ್ತಕ್ಕೆ ಹೋಯಿತು. ಮರುವರ್ಷ ಬೆಂಗಳೂರು ಅದನ್ನು ವಾಪಸು ತಂದಿತು.

ಆದರೆ ನನ್ನನ್ನು ಕೇಳಿದರೆ ಈ ಕ್ಲಬ್ಬಿನ ಅತಿ ದೊಡ್ಡ ರಾತ್ರಿ 2016ರ ಅಕ್ಟೋಬರ್ 19. ಎಎಫ್‌ಸಿ ಕಪ್ ಸೆಮಿಫೈನಲ್, ಎದುರಾಳಿ ಮಲೇಷ್ಯಾದ ಜೋಹೊರ್, ಹಿಂದಿನ ವರ್ಷದ ಚಾಂಪಿಯನ್. ಅವರೂರಲ್ಲಿ ನಡೆದ ಮೊದಲ ಪಂದ್ಯ 1-1 ಆಗಿತ್ತು. ಕಂಠೀರವದಲ್ಲಿ 11ನೇ ನಿಮಿಷಕ್ಕೇ ಜೋಹೊರ್ ಗೋಲು ಹೊಡೆಯಿತು. ಅಷ್ಟಕ್ಕೇ ಕುಸಿಯುವ ಭಾರತೀಯ ತಂಡಗಳನ್ನು ನೋಡಿ ನೋಡಿ ನಮಗೆ ಅಭ್ಯಾಸವಾಗಿತ್ತು. ಇವರು ಕುಸಿಯಲಿಲ್ಲ. ವಿರಾಮಕ್ಕೆ ಸ್ವಲ್ಪ ಮೊದಲು ಛೆಟ್ರಿ ತಲೆಯಿಂದ ಹೊಡೆದು ಸಮ ಮಾಡಿದ. ಎರಡನೇ ಅರ್ಧದಲ್ಲಿ ಗೋಲಿನಿಂದ ದೂರದಲ್ಲೇ ಚೆಂಡು ಸಿಕ್ಕಿತು, ಮುಂದೆ ರಕ್ಷಕರಿದ್ದರು, ಪಾಸು ಕೊಡುವ ದಾರಿಯೂ ಇತ್ತು. ಆತ ಕೊಡಲಿಲ್ಲ. ನೇರ ಬಾರಿಸಿದ. 2-1. ಸ್ಪೇನಿನ ಹುವಾನನ್ ಮೂರನೆಯದು ಸೇರಿಸಿದ. ಪಶ್ಚಿಮ ಗ್ಯಾಲರಿಯ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ ನೀಲಿ ಅಂಗಿ ತೊಟ್ಟು ಪಂದ್ಯವಿಡೀ ನಿಂತೇ ಹಾಡುತ್ತದೆ, ಗೆದ್ದರೂ ಸೋತರೂ. ಅಂದು ಅವರ ದನಿಗೆ ಅರ್ಥ ಬಂತು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡದೆದುರು ಫೈನಲ್. 0-1ರ ಸೋಲು. 23 ವರ್ಷಗಳ ಹಿಂದೆ ಇರಾಕಿನ ಕ್ಲಬ್ಬಿಗೆ ಚಾಪ್ಮನ್ ಹೊಡೆದ ಮೂರು ಗೋಲು ಬಂಗಾಳದ ಕ್ಲಬ್ಬಿನ ಲೆಕ್ಕಕ್ಕೆ ಹೋಗಿದ್ದವು. ಈ ಸೋಲು ನಮ್ಮದೇ ಕ್ಲಬ್ಬಿನದು. ಆ ಗೆಲುವಿಗಿಂತ ಈ ಸೋಲು ನನಗೆ ಹತ್ತಿರ.

ಆಮೇಲಿನದನ್ನು ಬೇಗ ಹೇಳಿ ಮುಗಿಸಬಹುದು. 2015 ಮತ್ತು 2017ರಲ್ಲಿ ಫೆಡರೇಷನ್ ಕಪ್. 2017ರಲ್ಲಿ ಇಂಡಿಯನ್ ಸೂಪರ್ ಲೀಗ್ ಪ್ರವೇಶ. ಮೊದಲ ವರ್ಷ ಮನೆಯಂಗಳದಲ್ಲೇ ನಡೆದ ಫೈನಲ್‌ನಲ್ಲಿ ಚೆನ್ನೈಗೆ 2-3ರ ಸೋಲು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ, ಹೆಚ್ಚುವರಿ ಸಮಯದ ಕೊನೆಗೆ ರಾಹುಲ್ ಭೇಕೆ ಗೋಲಿನಿಂದ ಗೋವಾ ಎದುರು ಗೆಲುವು, ಪ್ರಶಸ್ತಿ. 2022ರಲ್ಲಿ ಡುರಾಂಡ್ ಕಪ್. 2023 ಮತ್ತು 2025ರ ಸೂಪರ್ ಲೀಗ್ ಫೈನಲ್‌ಗಳಲ್ಲಿ ಸೋಲು, ಎರಡೂ ಸಲ ಬಾಗಾನಿಗೇ.

2023ರ ಮಾರ್ಚಿನ ಎರಡು ದಿನ ಮಾತ್ರ ಬಿಡಿಸಿ ಹೇಳಬೇಕು. 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಇನ್ನೂ ಆಟಗಾರರ ಗೋಡೆ ಕಟ್ಟುವ ಮೊದಲೇ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದ. ಕೇರಳದ ಕೋಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದೊಯ್ದರು. ದೇಶವಿಡೀ ಅದೇ ಚರ್ಚೆ. ಮರುದಿನ, ಮಾರ್ಚ್ 4ರಂದು, ಸೌದಿಯ ರಿಯಾದಿನಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು 3-2ರಿಂದ ಮಣಿಸಿ ಸಂತೋಷ್ ಟ್ರೋಫಿ ಗೆದ್ದರು. 54 ವರ್ಷಗಳ ಮೇಲೆ! ಆ ಗದ್ದಲದಲ್ಲಿ ಈ ಗೆಲುವಿಗೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ. ಬೆಂಗಳೂರಿನ ಜಿಲ್ಲಾ ಲೀಗಿನಲ್ಲಿ ಸಿ ಡಿವಿಜನ್‌ನಿಂದ ಸೂಪರ್ ಡಿವಿಜನ್‌ವರೆಗೆ ವರ್ಷಗಟ್ಟಲೆ ಮೆಟ್ಟಿಲು ಹತ್ತುವ ಹುಡುಗರ ಗೆಲುವು ಅದು.

ಕ್ಲಬ್ಬಿನ ಬುಡ ಎಷ್ಟು ಗಟ್ಟಿ ಎಂಬ ಪರೀಕ್ಷೆ 2025ರಲ್ಲಿ ಬಂತು. ಲೀಗ್ ನಡೆಸುವ ಕಂಪನಿಗೂ ಫೆಡರೇಷನ್ನಿಗೂ ನಡುವಿನ ಕರಾರು ಮುಗಿಯುತ್ತ ಬಂದು, ಜುಲೈನಲ್ಲಿ ಲೀಗನ್ನು ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಹೇಳಿತು. ಮಕ್ಕಳ, ಯುವಕರ ತಂಡಗಳ ತರಬೇತಿಗೆ ಕೈ ಹಾಕುವುದಿಲ್ಲ ಎಂದೂ ಹೇಳಿತು. 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಫೆಬ್ರವರಿ 14ರಿಂದ ಲೀಗ್ ನಡೆಯುತ್ತದೆಂದು ಪ್ರಕಟಿಸುವವರೆಗೆ ಆಟಗಾರರಿಗೆ ದಿಕ್ಕು ತೋಚದ ಸ್ಥಿತಿ. ಸಂಕಟದಲ್ಲೂ ಮಕ್ಕಳ ತಂಡಗಳನ್ನು ಉಳಿಸಿದ್ದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. 2024ರ ಸೆಪ್ಟೆಂಬರಿನಲ್ಲಿ ಈಸ್ಟ್ ಬೆಂಗಾಲ್ ಎದುರು ಏಕೈಕ ಗೋಲು ಹೊಡೆದು ಗೆಲ್ಲಿಸಿದ ವಿನಿತ್ ವೆಂಕಟೇಶ್ ಆ ಕೆಳಗಿನ ತಂಡಗಳಿಂದಲೇ ಮೇಲೆ ಬಂದ 19ರ ಹುಡುಗ. ಅಹ್ಮದ್ ಖಾನರನ್ನು ಒಯ್ದ ಕ್ಲಬ್ಬಿಗೆ ಬೆಂಗಳೂರಿನಲ್ಲೇ ಉಳಿದ ಹುಡುಗ ಗೋಲು ಹೊಡೆದ.

ಇನ್ನು ನಮ್ಮ ಮಾತು. ಬೆಂಗಳೂರು ಎಫ್‌ಸಿ ತನ್ನ ವಸತಿ ಅಕಾಡೆಮಿಯನ್ನು ಕಟ್ಟಿದ್ದು ಬಳ್ಳಾರಿ ಕಡೆ. 2018ರಲ್ಲಿ ತೋರಣಗಲ್ಲಿನ ಆ ಉಕ್ಕಿನ ಕಾರ್ಖಾನೆಯ ವಿಜಯನಗರ ಟೌನ್‌ಶಿಪ್ಪಿನಲ್ಲಿ ಜೆಎಸ್‌ಡಬ್ಲ್ಯು ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ತೆರೆಯಿತು. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ಎಲ್ಲ ಅಲ್ಲಿವೆ. ಅಂದರೆ ದೇಶದ ಉತ್ತಮ ಕ್ರೀಡಾ ಸೌಲಭ್ಯಗಳಲ್ಲೊಂದು ಕಲ್ಯಾಣ ಕರ್ನಾಟಕದೊಳಗೇ ಇದೆ. ಆ ಫುಟ್‌ಬಾಲ್ ಅಕಾಡೆಮಿಗೆ ಮಣಿಪುರದ, ಮಿಜೋರಾಮಿನ ಹುಡುಗರು ಬರುತ್ತಾರೆ, ಯಾಕೆಂದರೆ ಅವರೂರಲ್ಲಿ ಆರನೇ ವಯಸ್ಸಿಗೇ ಚೆಂಡು ಕಾಲಿಗೆ ಸಿಕ್ಕಿರುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯ ಹುಡುಗ 14ಕ್ಕೆ ಆಯ್ಕೆಗೆ ಹೋಗಿ ನಿಂತರೆ ಅಷ್ಟರಲ್ಲಿ ಎಂಟು ವರ್ಷ ಹಿಂದೆ ಬಿದ್ದಿರುತ್ತಾನೆ. ಮೈಯಲ್ಲಿ ಕಸುವಿದೆ, ಓಟವಿದೆ. ಮೆಟ್ಟಿಲೇ ಇಲ್ಲ.

ನೆಲದ ತೊಂದರೆಯೂ ಇದೆ, ಅದನ್ನು ಮುಚ್ಚಿಡಬಾರದು. ನಮ್ಮದು ಎರೆ ಭೂಮಿ. ಮಳೆ ಬಂದರೆ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ, ಬೇಸಿಗೆಗೆ ಕಾಲು ಸಿಕ್ಕಿ ಮುರಿಯುವಷ್ಟು ಬಿರುಕು ಬಿಡುತ್ತದೆ. ಕ್ರಿಕೆಟ್ಟಿಗೆ 22 ಗಜ ಗಟ್ಟಿ ನೆಲ ಸಿಕ್ಕರೆ ಸಾಗುತ್ತದೆ, ಫುಟ್‌ಬಾಲಿಗೆ ಇಡೀ ಮೈದಾನ ಸಮ ಇರಬೇಕು. ಗರಸು ಹಾಕಿ, ರೋಲರ್ ಹೊಡೆಸಿ, ನೀರು ಹರಿದು ಹೋಗಲು ಸುತ್ತ ಚರಂಡಿ ತೆಗೆದರೆ ಆಯಿತು. ಮಕ್ಕಳಿಗೆ ಏಳೇಳು ಜನರ ಆಟ ಸಾಕು, ಅದಕ್ಕೆ ಸುಮಾರು 60 ಮೀಟರ್ ಉದ್ದ, 40 ಮೀಟರ್ ಅಗಲದ ಜಾಗ ಸಾಕು. ಹೈಸ್ಕೂಲುಗಳ ಬಯಲಿನಲ್ಲಿ ಇಷ್ಟು ಜಾಗ ಹುಡುಕಿದರೆ ಸಿಗುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಲಬುರಗಿಯಲ್ಲೇ ಇದೆ. ಸಮುದಾಯ ಭವನ ಕೇಳುವ ನಾವು ತಾಲೂಕಿಗೆ ಒಂದೊಂದು ಇಂಥ ಮೈದಾನವನ್ನೂ ಕೇಳಬಹುದು.

ಮೈದಾನಕ್ಕಿಂತ ಮೊದಲು ಬೇಕಾದದ್ದು ಲೀಗ್. ಮೂರು ದಿನದ ಪಂದ್ಯಾವಳಿ ಬೇಡ. ಆಳಂದ, ಅಫಜಲಪುರ, ಜೇವರ್ಗಿ ಮೂರು ತಾಲೂಕಿನ ಹೈಸ್ಕೂಲುಗಳು ಸೇರಿ, ಆಗಸ್ಟಿನಿಂದ ಜನವರಿವರೆಗೆ ಶನಿವಾರಕ್ಕೊಂದು ಪಂದ್ಯ ಇಟ್ಟುಕೊಳ್ಳಲಿ. ಗೆದ್ದವರಿಗೆ ಢಾಲು ಇಲ್ಲದಿದ್ದರೂ ನಡೆದೀತು, ಅಂಕಪಟ್ಟಿ ಮಾತ್ರ ಶಾಲೆಯ ಗೋಡೆ ಮೇಲೆ ಇರಲಿ. ಹುಡುಗಿಯರಿಗೂ ಅದೇ ದಿನ, ಅದೇ ಮೈದಾನದಲ್ಲಿ ಆಟವಿರಲಿ. ದೈಹಿಕ ಶಿಕ್ಷಕರೇ, ಈ ಮಾತು ನಿಮಗೆ. ಇದಕ್ಕೆ ಮೇಲಿನಿಂದ ಆದೇಶ ಬರಲೆಂದು ಕಾಯಬೇಡಿ. ಪಕ್ಕದೂರಿನ ಶಾಲೆಯ ಶಿಕ್ಷಕರಿಗೆ ಒಂದು ಫೋನ್ ಮಾಡಿ, ಬರುವ ಶನಿವಾರ ಎರಡು ತಂಡ ಕೂಡಿಸಿ. ಚೆಂಡಿನ ಖರ್ಚು ಕೊಡುವವರು ಊರಲ್ಲಿ ಸಿಗುತ್ತಾರೆ, ಕೇಳಿ ನೋಡಿ.